ಲಿಫ್ಟ್ ಮಾಡಿಸಿದ ಜಿಪ್ಸಿ: ಹಿಂದಿನ ಎಡಗಡೆ ಸ್ಪ್ರಿಂಗ್‌ನಲ್ಲಿ ಎರಡು ಥರ ಸದ್ದು, ಗೊತ್ತಿರುವವರು ಹೇಳಿ

ನಾಲೆ ಏರಿ ಜಿಪ್ಸಿ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಗಾಡಿ 2008ರ ಮಾರುತಿ ಜಿಪ್ಸಿ, ಎಂಜಿ413ಡಬ್ಲ್ಯೂ, ಸಾಫ್ಟ್ ಟಾಪ್. 2019ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. 2023ರಲ್ಲಿ 15 ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಿದ್ದೇನೆ. ಮನೆಯಿಂದ ಗದ್ದೆ, ಗದ್ದೆಯಿಂದ ಆಲೆಮನೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ, ವಾರಕ್ಕೊಂದು ಸಲ ಮಂಡ್ಯ. ಇಷ್ಟೇ ಓಡಾಟ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಮೇಲುಕೋಟೆ ಕಡೆಯ ಕಲ್ಲು ದಾರಿ.

ಕಬ್ಬು ತುಂಬಿದ ಟ್ರ್ಯಾಕ್ಟರ್ ಓಡಾಡಿ ನಮ್ಮ ಗದ್ದೆ ದಾರಿಯಲ್ಲಿ ಆಳವಾದ ಕೊರಕಲು ಬಿದ್ದಿದೆ. ಆಕ್ಸಲ್ (ಚಕ್ರದ ಅಚ್ಚು) ನಡುವೆ ಇರುವ ಡಿಫರೆನ್ಷಿಯಲ್ ಗುಂಡು ದಾರಿ ನಡುವಿನ ದಿಬ್ಬಕ್ಕೆ ತಾಗುತ್ತಿತ್ತು. ಅದಕ್ಕೆ ಟೈರ್ ದೊಡ್ಡದು ಹಾಕಿಸಿದೆ, 235/75 ಆರ್15. ಆಮೇಲೆ ಟೈರು ಮಡ್‌ಗಾರ್ಡ್‌ಗೆ ಉಜ್ಜಲು ಶುರುವಾಯಿತು. ಸರಿ ಅಂತ ಮೂರು ತಿಂಗಳ ಹಿಂದೆ ಎರಡು ಇಂಚು ಲಿಫ್ಟ್ ಮಾಡಿಸಿದೆ, ಅಂದರೆ ಗಾಡಿ ಎತ್ತರಿಸಿದೆ. ನಾಲ್ಕೂ ಕಡೆ ಹೊಸ ಪ್ಲೇಟ್ ಸೆಟ್ (ಲೀಫ್ ಸ್ಪ್ರಿಂಗ್), ಕಮಾನು ಜಾಸ್ತಿ ಇರುವಂಥದ್ದು. ಅದರ ಕೀಲುಗಳಿಗೆ ಪಾಲಿಯುರೆಥೇನ್ ಬುಷ್, ಉದ್ದದ ಶಾಕ್ ಅಬ್ಸಾರ್ಬರ್ ಕೂಡ ಹೊಸದು. ಸೆಟ್ಟಿನ ತುದಿಯನ್ನು ಚಾಸಿಗೆ ಸೇರಿಸುವ ಜೋಡಿ ಪಟ್ಟಿ (ಶ್ಯಾಕಲ್) ಮತ್ತು ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಮಾತ್ರ ಹಳೆಯವೇ. ಅವು ಗಟ್ಟಿಯಾಗಿವೆ, ಬದಲಾಯಿಸುವುದು ಬೇಡ ಅಂದರು.

ಒಂದು ತಿಂಗಳು ಚೆನ್ನಾಗಿತ್ತು. ಈಗ ಎರಡು ಸದ್ದು.

ಮೊದಲನೆಯದು ಕಿರ್ರ್ ಅನ್ನುತ್ತದೆ. ಹಂಪ್ ನಿಧಾನಕ್ಕೆ ಹತ್ತಿಸಿದಾಗ, ಹಿಂದೆ ಯಾರಾದರೂ ಹತ್ತಿ ಕೂತಾಗ ಬರುತ್ತದೆ. ಬೆಳಿಗ್ಗೆ ಇಬ್ಬನಿ ಇದ್ದರೆ ಕಮ್ಮಿ. ಗಾಡಿ ತೊಳೆದ ದಿನ ಇರುವುದೇ ಇಲ್ಲ. ಮಧ್ಯಾಹ್ನ ಬಿಸಿಲೇರಿ ಎಲ್ಲ ಒಣಗಿದ ಮೇಲೆ ಜಾಸ್ತಿ. ನಮ್ಮಪ್ಪ ಎತ್ತಿನ ಗಾಡಿಯಲ್ಲಿ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಗೆ ಹೊಡೆದವರು. ಜಗಲಿ ಮೇಲೆ ಕೂತಿದ್ದ ಹಾಗೇ ನಾನು ನಾಲೆ ಏರಿ ತಿರುಗಿದ್ದು ಅವರಿಗೆ ಗೊತ್ತಾಗುತ್ತದೆ. "ಯಾಕ್ಲಾ ಮಗ, ಇದು ಕೀಲೆಣ್ಣೆ ಕಂಡು ಎಷ್ಟು ದಿಸ ಆಯ್ತು?" ಅಂತ ದಿನಾ ಕೇಳುತ್ತಾರೆ.

ಎರಡನೆಯದು ಟಕ್. ಚಿಕ್ಕ ಸದ್ದು, ಒಂದೇ ಒಂದು ಸಲ. ನಿಂತ ಗಾಡಿ ಫಸ್ಟ್ ಗೇರಿನಲ್ಲಿ ಹೊರಟಾಗ ಒಂದು, ರಿವರ್ಸ್ ಹಾಕಿ ಕ್ಲಚ್ ಬಿಟ್ಟಾಗ ಇನ್ನೊಂದು. ಕಿವಿಗಿಂತ ಸೀಟಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹಿಂದೆ, ಎಡಗಡೆ. ಓಡುವಾಗ ಏನೂ ಇಲ್ಲ.

ಲಿಫ್ಟ್ ಮಾಡಿಕೊಟ್ಟವರ ಹತ್ತಿರ ಎರಡು ಸಲ ಹೋದೆ. "ಹೊಸ ಸ್ಪ್ರಿಂಗ್ ಅಲ್ವಾ, ಸೆಟ್ ಆಗುತ್ತೆ, ಓಡಿಸಿ" ಅಂದರು. ನಾನೇ ಸ್ಪ್ರೇ ಎಣ್ಣೆ ತಂದು ಎಲ್ಲ ಕಡೆ ಹೊಡೆದೆ. ನಾಲ್ಕು ದಿನ ಸುಮ್ನಿತ್ತು, ಆಮೇಲೆ ಧೂಳು ಮೆತ್ತಿಕೊಂಡು ಮತ್ತೆ ಅದೇ. ವೀಲ್ ನಟ್, ಶಾಕ್ ಬುಷ್, ಸೈಲೆನ್ಸರ್ ರಬ್ಬರ್ ನೋಡಿದ್ದೇನೆ. ಎಲ್ಲ ಸರಿ ಇದೆ.

ಇಷ್ಟುದ್ದ ಬರೆಯಲು ಕಾರಣ ಇದೆ. ನಾಲೆ ಏರಿ ಮೇಲೆ ಎಷ್ಟೋ ಕಡೆ ತಡೆಗೋಡೆ ಇಲ್ಲ. ಕಾರು ನಾಲೆಗೆ ಬಿದ್ದ ಸುದ್ದಿ ಮಂಡ್ಯದವರು ಎಲ್ಲರೂ ಓದಿದ್ದೇವೆ. ಅದೇ ದಾರಿಯಲ್ಲಿ ಅಪ್ಪನನ್ನೂ ಮಗಳನ್ನೂ ಕೂರಿಸಿಕೊಂಡು ಹೋಗುತ್ತೇನೆ. ಈ ಸದ್ದು ಏನು ಅಂತ ತಿಳಿಯದೆ ಸ್ಟೇರಿಂಗ್ ಹಿಡಿಯಲು ಮನಸ್ಸು ಬರುತ್ತಿಲ್ಲ. ಎಲ್ಲಿಂದ ನೋಡಲು ಶುರು ಮಾಡಲಿ?

ಬನ್ನಿಮಂಟಪ ಸ್ಪ್ಯಾನರ್, ಮೈಸೂರು

ತಮ್ಮಾ, ಚೆನ್ನಾಗಿ ಬರೆದಿದ್ದೀಯ. ತೊಳೆದ ದಿನ ಸದ್ದಿಲ್ಲ, ಒಣಗಿದರೆ ಇದೆ ಅಂದೆಯಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಆದರೆ ಎರಡೂ ಸದ್ದನ್ನು ಒಂದೇ ಕಾಯಿಲೆ ಅಂದುಕೊಳ್ಳಬೇಡ.

ಕಿರ್ರ್ ಅನ್ನುವುದು ಉಜ್ಜಾಟ. ಒಣ ಬುಷ್ ಇರಬಹುದು, ಪ್ಲೇಟ್‌ನ ತುದಿ ಇನ್ನೊಂದು ಪ್ಲೇಟ್‌ಗೆ ಉಜ್ಜುತ್ತಿರಬಹುದು. ಹುಡುಕಲು ಖರ್ಚೇನೂ ಇಲ್ಲ. ಒಂದು ಬಾಟಲಿಗೆ ನೀರು ತುಂಬಿ ನಾಲ್ಕು ಹನಿ ಸೋಪು ಹಾಕು. ಮುಚ್ಚಳಕ್ಕೆ ಸಣ್ಣ ತೂತು ಮಾಡು. ಒಬ್ಬನನ್ನು ಹಿಂದಿನ ಬಂಪರ್ ಮೇಲೆ ನಿಲ್ಲಿಸಿ ಕುಣಿಸು, ಸದ್ದು ಬರಲಿ. ಈಗ ನೀರನ್ನು ಒಂದೇ ಜಾಗಕ್ಕೆ ಬಿಡು. ಮೊದಲು ಮುಂದಿನ ಕಣ್ಣಿನ (ಪ್ಲೇಟ್ ತುದಿಯ ಬಳೆಯ) ಬುಷ್. ಸದ್ದು ನಿಲ್ಲಲಿಲ್ಲವೇ? ಶ್ಯಾಕಲ್ ಮೇಲಿನ ಬುಷ್, ಕೆಳಗಿನ ಬುಷ್, ಆಮೇಲೆ ಪ್ಲೇಟ್ ತುದಿಗಳು. ಯಾವುದು ಒದ್ದೆಯಾದಾಗ ಸದ್ದು ನಿಲ್ಲುತ್ತದೋ ಅದೇ ಜಾಗ. ಎಲ್ಲ ಕಡೆ ಒಟ್ಟಿಗೆ ಎಣ್ಣೆ ಹೊಡೆದರೆ ಸದ್ದು ಹೋಗುತ್ತದೆ, ಎಲ್ಲಿತ್ತು ಅಂತ ತಿಳಿಯುವುದಿಲ್ಲ.

ಪಾಲಿ ಬುಷ್ ಅಂದೆ. ಅದು ರಬ್ಬರ್ ಥರ ತಿರುಚಿಕೊಂಡು ಕೆಲಸ ಮಾಡುವುದಲ್ಲ, ನಡುವಿನ ಲೋಹದ ಪಿನ್ ಸುತ್ತ ಜಾರಿ ತಿರುಗಬೇಕು. ಒಣಗಿದರೆ ಕೂಗುತ್ತದೆ. ಬಿಚ್ಚಿ, ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ ಹಾಕು. ಗಾಡಿಯಲ್ಲಿ ಎಲ್ಲಾದರೂ ರಬ್ಬರ್ ಬುಷ್ ಉಳಿದಿದ್ದರೆ ಅದಕ್ಕೆ ಇಂಜಿನ್ ಆಯಿಲ್, ಮಾಮೂಲಿ ಗ್ರೀಸ್ ತಾಗಿಸಬೇಡ, ಉಬ್ಬಿ ಮೆತ್ತಗಾಗುತ್ತದೆ. ಶ್ಯಾಕಲ್ ನಟ್ ಎಷ್ಟು ಬಿಗಿ ಇದೆ ಅಂತಲೂ ನೋಡು. ಹುಡುಗರು ಇಂಪ್ಯಾಕ್ಟ್ ಗನ್ ಇಟ್ಟು ಹೊಡೆದುಬಿಡುತ್ತಾರೆ. ಎರಡೂ ಪಟ್ಟಿ ಬುಷ್‌ನ ಕೆನ್ನೆ ಹಿಂಡಿದರೆ ಶ್ಯಾಕಲ್ ಆಡುವುದೇ ಇಲ್ಲ. ಸರ್ವಿಸ್ ಮ್ಯಾನ್ಯುವಲ್‌ನ ಅಳತೆಗೆ ಟಾರ್ಕ್ ವ್ರೆಂಚ್‌ನಲ್ಲಿ (ಹೇಳಿದಷ್ಟು ಬಿಗಿ ಬಂದಾಗ ಕ್ಲಿಕ್ ಅನ್ನುವ ಸ್ಪ್ಯಾನರ್) ಬಿಗಿ ಮಾಡು. ಕಡೆಯ ಬಿಗಿ ಕೊಡುವಾಗ ನಾಲ್ಕೂ ಚಕ್ರ ನೆಲದ ಮೇಲೆ ಇರಬೇಕು, ಜಾಕಿ ಮೇಲೆ ಅಲ್ಲ.

ಟಕ್ ಬೇರೆ ವಿಷಯ. ನನಗೆ ಹೆದರಿಕೆ ಅದರದೇ. ಹೊರಡುವಾಗ ಒಂದು, ರಿವರ್ಸಿಗೆ ಒಂದು ಅಂದರೆ ಎಳೆತದ ದಿಕ್ಕು ಬದಲಾದಾಗ ಏನೋ ಜರುಗುತ್ತಿದೆ. ಮೊದಲು ಯು ಬೋಲ್ಟ್ ನೋಡು. ಹೊಸ ಪ್ಲೇಟ್ ಸೆಟ್ ಹಾಕಿದ ಮೇಲೆ ನೂರಿನ್ನೂರು ಕಿಲೋಮೀಟರ್ ಆಗುತ್ತಿದ್ದ ಹಾಗೆ ಮತ್ತೆ ಬಿಗಿ ಮಾಡಲೇಬೇಕು. ಪ್ಲೇಟ್‌ಗಳ ನಡುವೆ ಇರುವ ಪೇಂಟ್ ಸವೆದು ಸೆಟ್ ಕೂರುತ್ತದೆ, ಬೋಲ್ಟ್ ಸಡಿಲ ಬೀಳುತ್ತದೆ. ನಿನಗೆ ಮಾಡಿಕೊಟ್ಟಿದ್ದಾರಾ? ಆಕ್ಸಲ್ ಕೂರುವ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡು. ಕೆಂಪಗೆ ತುಕ್ಕಿನ ಪುಡಿ, ಅದರ ಪಕ್ಕ ಹೊಳೆಯುವ ಕಬ್ಬಿಣ ಕಂಡರೆ ಅಲ್ಲಿ ಆಡುತ್ತಿದೆ ಅಂತಲೇ ಲೆಕ್ಕ.

ಅದು ಗೊತ್ತಾಗುವವರೆಗೆ ನಾಲೆ ಏರಿ ಮೇಲೆ ಓಡಿಸಬೇಡ. ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೂ ಹೋಗಬೇಡ, ಸ್ಟ್ಯಾಂಡ್ ಇಡು.

ಯದುಗಿರಿ ಸವಾರ, ಮೇಲುಕೋಟೆ

ಅಣ್ಣ, ನನ್ನ ಜಿಪ್ಸಿಯಲ್ಲಿ ಇದೇ ಥರ ಟಕ್ ಬರುತ್ತಿತ್ತು. ನನ್ನದರಲ್ಲಿ ಸಿಕ್ಕಿದ್ದು ಆಕ್ಸಲ್‌ಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಯುಜೆ ಕ್ರಾಸ್, ಅಂದರೆ ಅದರ ಕೀಲು. ಲಿಫ್ಟ್ ಮಾಡಿದ ಮೇಲೆ ಶಾಫ್ಟ್‌ನ ಕೋನ ಜಾಸ್ತಿ ಆಗುತ್ತದೆ, ಹಳೇ ಕ್ರಾಸ್ ಇದ್ದರೆ ಬೇಗ ಹೋಗುತ್ತದೆ. ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ. ಕ್ರಾಸ್‌ನ ಎರಡು ಬದಿ ಒಟ್ಟಿಗೆ ತಿರುಗದೆ ಒಂದು ಮೊದಲು, ಒಂದು ಆಮೇಲೆ ಆಡಿದರೆ ಅದು ಹೋಗಿದೆ. ಐದು ನಿಮಿಷದ ಕೆಲಸ, ಇದನ್ನೂ ನೋಡಿಬಿಡಿ.

ಕಿರ್ರ್ ವಿಷಯಕ್ಕೆ: ಪ್ಲೇಟ್‌ಗಳ ನಡುವೆ ಗ್ರಾಫೈಟ್ ಗ್ರೀಸ್ ಹಾಕಿಸಿ ಅಂತ ತುಂಬ ಜನ ಹೇಳುತ್ತಾರೆ. ಟಾರು ರಸ್ತೆಯ ಗಾಡಿಗೆ ಸರಿ. ನಮ್ಮ ಕಡೆ ಮಣ್ಣು, ಧೂಳಿನಲ್ಲಿ ಓಡಿಸುವವರಿಗೆ ನಾನು ಬೇಡ ಅನ್ನುತ್ತೇನೆ. ಗ್ರೀಸಿಗೆ ಮರಳು ಸೇರಿದರೆ ಸಾಣೆ ಹಿಡಿದ ಹಾಗೆ ಪ್ಲೇಟನ್ನು ತಿನ್ನುತ್ತದೆ. ನಾನು ಬಿಚ್ಚಿದಾಗ ತುದಿಗಳಲ್ಲಿ ಗುಳಿ ಬಿದ್ದಿತ್ತು. ಆಮೇಲೆ ತುದಿಗೆ ನೈಲಾನ್ ಪ್ಯಾಡ್ ಹಾಕಿಸಿದೆ. ಎರಡು ಮಳೆಗಾಲ ಕಳೆಯಿತು, ಸದ್ದಿಲ್ಲ.

ಬನ್ನಿಮಂಟಪ ಸ್ಪ್ಯಾನರ್, ಮೈಸೂರು

ಯುಜೆ ನೋಡುವುದು ಒಳ್ಳೆಯ ಮಾತು. ಗ್ರಾಫೈಟ್ ವಿಷಯ ಒಪ್ಪುವುದಿಲ್ಲ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಹಾಕಿದರೆ ಏನೂ ಆಗುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಬಿಚ್ಚುವವರು ಎಷ್ಟು ಜನ? ಆ ಲೆಕ್ಕದಲ್ಲಿ ಪ್ಯಾಡೇ ವಾಸಿ.

ನಾಲೆ ಏರಿ ಜಿಪ್ಸಿ, ಪಾಂಡವಪುರ

ಇಬ್ಬರಿಗೂ ತುಂಬ ಥ್ಯಾಂಕ್ಸ್. ಭಾನುವಾರ ಪೂರ್ತಿ ಇದೇ ಕೆಲಸ ಮಾಡಿದೆ.

ನೀರಿನ ಬಾಟಲಿ ಮಂತ್ರ ಹಾಕಿದ ಹಾಗೆ ಕೆಲಸ ಮಾಡಿತು. ತಮ್ಮನನ್ನು ಬಂಪರ್ ಮೇಲೆ ಕುಣಿಸಿದೆ. ಮುಂದಿನ ಕಣ್ಣಿಗೆ ನೀರು ಬಿಟ್ಟೆ, ಸದ್ದು ಹಾಗೇ ಇತ್ತು. ಶ್ಯಾಕಲ್‌ನ ಮೇಲಿನ ಬುಷ್‌ಗೆ ಬಿಟ್ಟ ತಕ್ಷಣ ನಿಂತಿತು. ಹತ್ತು ನಿಮಿಷ ಬಿಟ್ಟು ಒಣಗಿದ ಮೇಲೆ ಮತ್ತೆ ಬಂತು. ಬಿಚ್ಚಿ ನೋಡಿದರೆ ಬುಷ್ ಒಳಗೆ ಗ್ರೀಸ್ ಅನ್ನುವುದೇ ಇರಲಿಲ್ಲ, ಒಣ ಒಣ. ಶ್ಯಾಕಲ್ ನಟ್ ಬಿಚ್ಚಲು ಪೈಪ್ ಹಾಕಿ ಇಬ್ಬರು ಎಳೆಯಬೇಕಾಯಿತು. ಅಷ್ಟು ಬಿಗಿ. ಸಿಲಿಕೋನ್ ಗ್ರೀಸ್ ಮಂಡ್ಯದಲ್ಲಿ ಸಿಕ್ಕಿತು. ಎರಡೂ ಹಿಂದಿನ ಶ್ಯಾಕಲ್‌ಗೆ ಹಚ್ಚಿ, ಗಾಡಿ ನೆಲಕ್ಕಿಳಿಸಿ, ಅಳತೆಗೆ ಬಿಗಿ ಮಾಡಿದೆ. ಕಿರ್ರ್ ಪೂರ್ತಿ ಹೋಯಿತು.

ಟಕ್ ಹೋಗಿಲ್ಲ. ಯುಜೆ ಎರಡೂ ಬದಿ ಗಟ್ಟಿ ಇದೆ. ಎಡಗಡೆಯ ಯು ಬೋಲ್ಟ್‌ಗೆ ಟಾರ್ಕ್ ವ್ರೆಂಚ್ ಹಾಕಿದರೆ ನಾಲ್ಕೂ ನಟ್ ಅಲುಗುವ ಮೊದಲೇ ಕ್ಲಿಕ್ ಅಂತು. ಅಂದರೆ ಬಿಗಿ ಸರಿ ಇದೆ ಅಂತ ಅಲ್ವಾ? ಆದರೆ ಅಣ್ಣ ಹೇಳಿದ ಕೆಂಪು ಪುಡಿ ಎಡಗಡೆ ಇದೆ. ಬೆರಳಲ್ಲಿ ತೆಗೆದರೆ ಕುಂಕುಮದಷ್ಟು ನುಣುಪು. ಬಲಗಡೆ ಇಲ್ಲ.

ಇನ್ನೊಂದು ಅಳತೆ ತೆಗೆದೆ. ಸ್ಟೇರಿಂಗ್ ನೇರ ಇಟ್ಟು ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಟೇಪ್ ಹಿಡಿದೆ. ಕಂಪನಿ ಲೆಕ್ಕ 2375 ಮಿ.ಮೀ. ನನ್ನದು ಬಲಗಡೆ 2374, ಎಡಗಡೆ 2368. ಮೂರು ಸಲ ಅಳೆದೆ, ಅದೇ ಬಂತು. ಬಿಗಿ ಸರಿ ಇದ್ದ ಮೇಲೆ ಆಕ್ಸಲ್ ಹೇಗೆ ಜರುಗಿತು? ಗಾಡಿ ಈಗ ಕೊಟ್ಟಿಗೆ ಪಕ್ಕ ನಿಂತಿದೆ. ಬೈಕಿನಲ್ಲಿ ಓಡಾಡುತ್ತಿದ್ದೇನೆ.

ಹಳೇ ಜೀಪು, ಮಂಡ್ಯ

ಅಣ್ಣಾ, ಒಂದು ಪ್ರಶ್ನೆ. ಹಳೇ ಪ್ಲೇಟ್ ಸೆಟ್‌ನಲ್ಲಿ ಹಿಂದೆ ಎಷ್ಟು ಪ್ಲೇಟ್ ಇತ್ತು? ನಿಮಗಿಂತ ಮುಂಚೆ ಇದ್ದವರು ಲೋಡ್ ಹೇರಲು ಒಂದು ಪ್ಲೇಟ್ ಜಾಸ್ತಿ ಹಾಕಿಸಿದ್ದರಾ?

ಕೇಳಿದ್ದು ಯಾಕೆ ಅಂದರೆ, ಟಾರ್ಕ್ ವ್ರೆಂಚ್ ಕ್ಲಿಕ್ ಅಂದ ಮಾತ್ರಕ್ಕೆ ಪ್ಲೇಟ್ ಸೆಟ್ ಅಮುಕಿದೆ ಅಂತ ಅಲ್ಲ. ನಟ್ ಎಲ್ಲೋ ತಡೆದು ನಿಂತಿದೆ ಅಂತ ಅಷ್ಟೇ. ದಪ್ಪ ಸೆಟ್‌ಗೆ ಮಾಡಿಸಿದ ಯು ಬೋಲ್ಟ್ ಉದ್ದ ಇರುತ್ತದೆ. ತೆಳು ಸೆಟ್‌ಗೆ ಅದನ್ನೇ ಹಾಕಿದರೆ ನಟ್ ಮೇಲಕ್ಕೆ ಹೋಗುತ್ತಾ ಹೋಗುತ್ತಾ ಥ್ರೆಡ್ ಮುಗಿಯುವ ಜಾಗಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಸ್ಪ್ಯಾನರ್‌ಗೆ ಬಿಗಿ, ಪ್ಲೇಟ್‌ಗೆ ಸಡಿಲ.

ಜಿಪ್ಸಿಯಲ್ಲಿ ಇದು ಇನ್ನೂ ಕೆಟ್ಟದ್ದು. ಕಂಪನಿಯಿಂದ ಬಂದ ಹಾಗೆ ಇದ್ದರೆ ಅದರ ಪ್ಲೇಟ್ ಸೆಟ್ ಆಕ್ಸಲ್‌ನ ಕೆಳಗೆ ಇರುತ್ತದೆ. ಮೇಲೆ ಇದ್ದಿದ್ದರೆ ಗಾಡಿಯ ಭಾರವೇ ಸೆಟ್ಟನ್ನು ಆಕ್ಸಲ್ ಮೇಲೆ ಒತ್ತಿ ಹಿಡಿಯುತ್ತಿತ್ತು. ಕೆಳಗಿದ್ದರೆ ಭಾರ ಪೂರ್ತಿ ಯು ಬೋಲ್ಟ್‌ಗೆ ಜೋತು ಬಿದ್ದಿರುತ್ತದೆ. ಸ್ವಲ್ಪ ಸಡಿಲ ಇದ್ದರೂ ಆಕ್ಸಲ್‌ಗೂ ಸೆಟ್‌ಗೂ ನಡುವೆ ಸಂದಿ ಬಿಡುತ್ತದೆ. ಆಮೇಲೆ ಆಕ್ಸಲ್ ಮುಂದೆ ಹಿಂದೆ ಹೋಗದ ಹಾಗೆ ತಡೆಯಲು ಉಳಿಯುವುದು ಪ್ಲೇಟ್‌ಗಳನ್ನು ನಡುವೆ ಪೋಣಿಸಿ ಹಿಡಿದಿರುವ ಸೆಂಟರ್ ಬೋಲ್ಟ್‌ನ ತಲೆ ಒಂದೇ. ಅದು ಆ ಕೆಲಸಕ್ಕೆ ಇರುವುದಲ್ಲ, ತುಂಡಾಗುತ್ತದೆ.

ಪರೀಕ್ಷೆ ಸುಲಭ. ಗಾಡಿ ನೆಲದ ಮೇಲೇ ಇರಲಿ. ಆಕ್ಸಲ್‌ನ ಕೂರುಪಟ್ಟಿ (ಪ್ಲೇಟ್ ಸೆಟ್ ತಾಗಿ ಕೂರುವ ಜಾಗ) ಮತ್ತು ಮೇಲಿನ ಪ್ಲೇಟ್ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡಿ. ತೂರಲೇಬಾರದು. ತೂರಿದರೆ ಇವತ್ತೇ ಬಿಚ್ಚಿ.

ಚಾಮುಂಡಿ ತಪ್ಪಲು, ಮೈಸೂರು

ಸದ್ದಿಗೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊರತಾದ ಬದಲಾವಣೆ ಮಾಡುವ ಹಾಗಿಲ್ಲ. ಮುಂದಿನ ಎಫ್‌ಸಿಗೆ ಹೋಗುವ ಮೊದಲು ಟೈರ್, ಎತ್ತರ ಎರಡನ್ನೂ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ. ಇನ್ಶೂರೆನ್ಸ್‌ನವರೂ ಇದನ್ನೇ ಕೇಳುತ್ತಾರೆ. ಮತ್ತೆ ಮೊದಲಿನ ಎತ್ತರಕ್ಕೆ ತರಬೇಕಾದರೆ ಇರಲಿ, ಹಳೇ ಪ್ಲೇಟ್ ಸೆಟ್ ಗುಜರಿಗೆ ಹಾಕಬೇಡಿ.

ನಾಲೆ ಏರಿ ಜಿಪ್ಸಿ, ಪಾಂಡವಪುರ

ಹಳೇ ಜೀಪು ಅಣ್ಣನಿಗೆ ಏನು ಹೇಳಲಿ ಗೊತ್ತಾಗುತ್ತಿಲ್ಲ. ಬ್ಲೇಡ್ ತೂರಿತು.

ನಿಮ್ಮ ಉತ್ತರ ಓದಿದ್ದು ರಾತ್ರಿ ಒಂಬತ್ತಕ್ಕೆ. ಟಾರ್ಚ್ ಹಿಡಿದು ಹೋದೆ. ಬಲಗಡೆ ಬ್ಲೇಡ್ ಹೋಗಲಿಲ್ಲ. ಎಡಗಡೆ ಬ್ಲೇಡ್‌ನ ಹಲ್ಲು ಸಮೇತ ಒಳಗೆ ಹೋಗಿ ಆ ಕಡೆ ಬಂತು. ಟಾರ್ಚ್ ಹಿಡಿದ ಕೈ ನಡುಗಿತು. ಹಿಂದಿನ ವಾರವಷ್ಟೇ ಮಗಳನ್ನು ಅದೇ ಗಾಡಿಯಲ್ಲಿ ಸ್ಕೂಲಿಗೆ ಬಿಟ್ಟು ಬಂದಿದ್ದೆ.

ಪ್ಲೇಟ್ ಲೆಕ್ಕವೂ ನೀವು ಹೇಳಿದ ಹಾಗೇ ಇದೆ. ಹಳೇ ಸೆಟ್ ಕೊಟ್ಟಿಗೆಯಲ್ಲೇ ಬಿದ್ದಿತ್ತು. ಹಿಂದಿನ ಎರಡರಲ್ಲೂ ಬೇರೆ ಬಣ್ಣದ ಪ್ಲೇಟ್ ಒಂದು ಜಾಸ್ತಿ ಇದೆ. ಹೊಸ ಸೆಟ್ಟಿನ ಪಕ್ಕ ಇಟ್ಟು ಅಳೆದರೆ ಹಳೆಯದೇ ದಪ್ಪ.

ಮಾರನೆಯ ದಿನ ಊರಿನ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆಸಿದೆ. ಗಾಡಿ ಅಲುಗಿಸುವುದು ಬೇಡ ಅಂತ. ಚಾಸಿಗೆ ಎರಡು ಸ್ಟ್ಯಾಂಡ್ ಕೊಟ್ಟು, ಆಕ್ಸಲ್‌ಗೆ ಜಾಕಿ ಕೊಟ್ಟು, ಎಡಗಡೆ ಒಂದನ್ನೇ ಮೊದಲು ಬಿಚ್ಚಿದೆವು. ಎರಡೂ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ತಪ್ಪಿಸಿಕೊಂಡು ಹೋಗುತ್ತದೆ ಅಂದರು. ನಟ್ ಬಿಚ್ಚಿ ಬಂದ ಯು ಬೋಲ್ಟನ್ನು ಬಿಸಿಲಿಗೆ ಹಿಡಿದು ನೋಡಿದೆ. ಥ್ರೆಡ್ ಮುಗಿದು ನುಣುಪು ಸಲಾಕೆ ಶುರುವಾಗುವ ಜಾಗದಲ್ಲಿ ಸುತ್ತಲೂ ಬೆಳ್ಳಗೆ ಹೊಳೆಯುವ ಉಂಗುರ. ನಟ್ ಅಲ್ಲಿಗೆ ಬಂದು ಕಚ್ಚಿಕೊಂಡ ಗುರುತು. ಒಳಗಿನ ಕಡೆಯ ಎರಡು ಎಳೆ ಮಡಿಚಿಕೊಂಡಿದ್ದವು.

ಸೆಂಟರ್ ಬೋಲ್ಟ್ ಇನ್ನೂ ಕೆಟ್ಟದಾಗಿತ್ತು. ಅದರ ತಲೆ ದುಂಡಗಿರಬೇಕು, ಒಂದು ಕಡೆ ಸವೆದು ಚಂದ್ರನ ಹಾಗೆ ಆಗಿತ್ತು. ತಲೆಯ ಕೆಳಗೆ ಕುತ್ತಿಗೆಯಲ್ಲಿ ಸೀಳು. ಸೀಳಿನ ಒಂದಷ್ಟು ಭಾಗ ಕಪ್ಪಗೆ, ಒಂದಷ್ಟು ಹೊಸದಾಗಿ ಬೆಳ್ಳಗೆ. ಮೆಕ್ಯಾನಿಕ್ ವೈಸ್‌ಗೆ ಕೊಟ್ಟು ಸುತ್ತಿಗೆಯಲ್ಲಿ ಒಂದು ಏಟು ಹಾಕಿದರು. ತಲೆ ಹಾರಿ ಬಿತ್ತು. ಅಪ್ಪ ಅದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. "ಕಡಾಣಿ ಹೋದ್ರೆ ಚಕ್ರ ಹೋಯ್ತದೆ. ಇದೂ ಅಂಗೇಯಾ?" ಅಂದರು. ಹೌದಪ್ಪ, ಹೆಚ್ಚು ಕಡಿಮೆ ಹಾಗೇ ಅಂದೆ.

ಹೊಸ ಯು ಬೋಲ್ಟ್ ನಾಲ್ಕು ತಂದೆವು. ಅಂಗಡಿಗೆ ಹೋಗುವ ಮೊದಲು ಮೂರು ಅಳತೆ ಬರೆದುಕೊಂಡೆವು: ಎರಡು ಕಾಲಿನ ನಡುವಿನ ಅಗಲ, ಕಾಲಿನ ಉದ್ದ, ಥ್ರೆಡ್ ಎಷ್ಟು ದೂರ ಇದೆ ಅಂತ. ಆ ಮೂರನೆಯದನ್ನು ಯಾರೂ ಕೇಳುವುದಿಲ್ಲ, ಅಂಗಡಿಯವರೂ ಕೇಳಲಿಲ್ಲ. ಸೆಂಟರ್ ಬೋಲ್ಟ್ ಎರಡೂ ಹೊಸದು. ಕೂರುಪಟ್ಟಿಯ ತೂತಿನ ಅಂಚು ಸ್ವಲ್ಪ ಸವೆದಿದೆ, ಆದರೆ ಹೊಸ ಬೋಲ್ಟ್‌ನ ತಲೆ ಗಟ್ಟಿಯಾಗಿ ಕೂತಿತು. ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬಂದೆವು. ಈ ಸಲ ನಟ್ ಮೇಲೆ ಇನ್ನೂ ಥ್ರೆಡ್ ಬಾಕಿ ಕಾಣುತ್ತದೆ. ಬ್ಲೇಡ್ ಎಲ್ಲೂ ತೂರುವುದಿಲ್ಲ. ಮುಂದಿನ ಎರಡು ಕಡೆಯೂ ನೋಡಿದೆ. ಅಲ್ಲಿ ಜಾಸ್ತಿ ಪ್ಲೇಟ್ ಇರಲಿಲ್ಲ, ಸರಿ ಇದೆ.

ಈಗ ಅಳತೆ ಬಲಗಡೆ 2374, ಎಡಗಡೆ 2373. ಟಕ್ ಇಲ್ಲ. ಲಿಫ್ಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿ ಹಳೇ ಬೋಲ್ಟ್‌ನ ಫೋಟೋ ಕಳಿಸಿದೆ. ಜಗಳ ಮಾಡಲಿಲ್ಲ. ಅವರು ಲಿಫ್ಟ್ ಮಾಡಿಕೊಟ್ಟಿರುವ ಬೇರೆ ಗಾಡಿಗಳನ್ನು ಕರೆಸಿ ನೋಡಿ ಅಂತ ಕೇಳಿಕೊಂಡೆ. ನೋಡುತ್ತೇವೆ ಅಂದಿದ್ದಾರೆ. ಮುಂದಿನ ವಾರ ಮತ್ತೆ ಕೇಳುತ್ತೇನೆ.

ತಪ್ಪಲಿನ ಅಣ್ಣ ಹೇಳಿದ ಹಾಗೆ ಹಳೇ ಸೆಟ್ ಹಾಗೇ ಇಟ್ಟಿದ್ದೇನೆ. ಆರ್‌ಟಿಒಗೂ ಹೋಗಿ ಬರುತ್ತೇನೆ.

120 ಕಿ.ಮೀ. ಓಡಿಸಿ ಮತ್ತೆ ವ್ರೆಂಚ್ ಹಾಕಿದೆ. ಎಂಟು ನಟ್‌ನಲ್ಲಿ ಐದು ಇನ್ನೂ ಒಂದಿಷ್ಟು ತಿರುಗಿದವು, ಬನ್ನಿಮಂಟಪ ಅಣ್ಣ ಹೇಳಿದ್ದೇ ಆಯಿತು. ಈಗ ಪ್ರತಿ ನಟ್‌ನಿಂದ ಪ್ಲೇಟ್‌ವರೆಗೆ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. ನಟ್ ತಿರುಗಿದರೆ ಗೆರೆ ಮುರಿದು ಕಾಣುತ್ತದೆ, ಬಗ್ಗಿ ನೋಡಿದರೆ ಸಾಕು. 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಬಿಗಿ ನೋಡಿ ಬರೆಯುತ್ತೇನೆ. ಮುಂದಿನ ಬಲಗಡೆ ಶ್ಯಾಕಲ್ ನಿನ್ನೆಯಿಂದ ಸಣ್ಣಗೆ ಕೂಗಲು ಶುರು ಮಾಡಿದೆ. ಗ್ರೀಸ್ ಡಬ್ಬಿಯಲ್ಲಿ ಇನ್ನೂ ಅರ್ಧ ಇದೆ. ಭಾನುವಾರ ಮುಂದಿನ ಎರಡೂ ಶ್ಯಾಕಲ್ ಬಿಚ್ಚುತ್ತೇನೆ.